ಮೂರು ಮಾನಿಟರ್ ಇಟ್ಟು ರೇಸ್ ಮಾಡುವವರಿಗೆ: 24, 27, 32 ಇಂಚಿನಲ್ಲಿ ಯಾವುದು?

ಆಗುಂಬೆ ಘಾಟಿಯ ಮಿನಿ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಡ್ರೈವರ್ ಕಣ್ಣನ್ನು ಗಮನಿಸಿ. ಹೇರ್‌ಪಿನ್ ತಿರುವು ಬರುತ್ತಿದ್ದಂತೆ ಅವರು ಮುಂದಿನ ಗಾಜು ಬಿಟ್ಟು ಪಕ್ಕದ ಕಿಟಕಿ ಕಡೆ ನೋಡುತ್ತಾರೆ. ರಸ್ತೆ ಹೋಗುವುದು ಆ ಕಡೆಗೇ ಅಲ್ವಾ? ಕಣ್ಣು ಮೊದಲು ತಿರುಗುತ್ತದೆ, ಸ್ಟೀರಿಂಗ್ ಆಮೇಲೆ. ಮನೆಯಲ್ಲಿ ಕಂಪ್ಯೂಟರಿಗೆ ಸ್ಟೀರಿಂಗ್ ವೀಲ್ ಜೋಡಿಸಿ, ಒಂದೇ ಮಾನಿಟರ್ ಇಟ್ಟು ಕಾರ್ ರೇಸಿಂಗ್ ಆಟ ಆಡುವವರಿಗೆ ಆ ಪಕ್ಕದ ಕಿಟಕಿ ಇರುವುದಿಲ್ಲ. ತಿರುವಿನ ಒಳಬದಿ ಕಾಣುವುದಿಲ್ಲ. ಪಕ್ಕಕ್ಕೆ ಬಂದು ನಿಂತ ಕಾರೂ ಕಾಣುವುದಿಲ್ಲ. ಮೂರು ಮಾನಿಟರ್ ಬೇಕು ಅನ್ನಿಸುವುದು ಇದಕ್ಕೇ.

ಬೇಕು ಅಂತ ತೀರ್ಮಾನವಾದ ಮೇಲೆ ಗೊಂದಲ ಶುರುವಾಗುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "24 ಸಾಕಾ, 27 ತಗೊಳ್ಳಲಾ, ಇನ್ನೂ ಸ್ವಲ್ಪ ಹಾಕಿ 32ಕ್ಕೇ ಹೋಗಲಾ?" ನಾನು ತಿರುಗಿ ಕೇಳುತ್ತೇನೆ: ಡ್ರೈವಿಂಗ್ ಸೀಟಲ್ಲಿ ಕೂತಾಗ ನಿಮ್ಮ ಕಣ್ಣಿಗೂ ಸ್ಕ್ರೀನ್‌ಗೂ ಎಷ್ಟು ಸೆಂಟಿಮೀಟರ್ ದೂರ? ಹೆಚ್ಚಿನವರು ಅಳೆದಿರುವುದಿಲ್ಲ. ಅದನ್ನು ಅಳೆಯದೆ ಇಂಚು ಆರಿಸಿದರೆ ಹಾಕಿದ ದುಡ್ಡಿಗೆ ತಕ್ಕ ನೋಟ ಸಿಗುವುದಿಲ್ಲ.

ಏನೇನು ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಕಣ್ಣಿಂದ ಸ್ಕ್ರೀನ್‌ಗಿರುವ ದೂರ. ಕೋಣೆಯಲ್ಲಿರುವ ಜಾಗ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ತಾಕತ್ತು, ಜೊತೆಗೆ ಮಾನಿಟರ್ ಸಿಕ್ಕಿಸುವ ಅದರ ಪೋರ್ಟ್‌ಗಳು. ಜೇಬು. ಐದನೆಯದು ನಮ್ಮ ಮಲೆನಾಡಿನದೇ: ಮಳೆ, ಸಿಡಿಲು, ಕರೆಂಟ್. ಇದರಲ್ಲಿ ಮೊದಲನೆಯದೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತದೆ. ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ.

ದೂರದ ಲೆಕ್ಕ

ಮಾನಿಟರ್ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳತೆ. ರೇಸಿಂಗ್‌ಗೆ ಅದು ಅಷ್ಟು ಉಪಯೋಗವಿಲ್ಲ. ನಮಗೆ ಬೇಕಾದದ್ದು ಅಗಲ. ಮಾಮೂಲಿ 16:9 ಆಕಾರದಲ್ಲಿ (ಅಗಲ 16 ಪಾಲು, ಎತ್ತರ 9 ಪಾಲು) 24 ಇಂಚಿನ ಪರದೆ ಸುಮಾರು 53 ಸೆಂ.ಮೀ ಅಗಲ. 27 ಇಂಚಿನದು 60 ಸೆಂ.ಮೀ. 32 ಇಂಚಿನದು 70 ಸೆಂ.ಮೀ ಚಿಲ್ಲರೆ. ಇದರ ಜೊತೆಗೆ ದೂರ ಸೇರಿದಾಗ ಫೀಲ್ಡ್ ಆಫ್ ವ್ಯೂ ಸಿಗುತ್ತದೆ. ಅಂದರೆ ನಮ್ಮ ಸುತ್ತ ಎಷ್ಟು ಡಿಗ್ರಿಯಷ್ಟು ನೋಟ ಪರದೆಯ ಒಳಗೆ ಬರುತ್ತದೆ ಅನ್ನುವುದು.

ಕಾರಿನೊಳಗೆ ಕೂತ ಹಾಗೆ ಅಳತೆ ಸರಿಯಾಗಿರಬೇಕು ಅಂದರೆ ಈ ಡಿಗ್ರಿಯನ್ನು ಆಟದಲ್ಲಿ ನಮಗೆ ಬೇಕಾದಂತೆ ಹಿಗ್ಗಿಸುವ ಹಾಗಿಲ್ಲ. ಹಿಗ್ಗಿಸಿದರೆ ಎಲ್ಲವೂ ದೂರ ಇದ್ದಂತೆ ಕಾಣುತ್ತದೆ. ಬ್ರೇಕ್ ಹಾಕುವ ಜಾಗದ ಅಂದಾಜು ತಪ್ಪುತ್ತದೆ. ಒಂದೇ 27 ಇಂಚಿನ ಮಾನಿಟರ್ 60 ಸೆಂ.ಮೀ ದೂರದಲ್ಲಿದ್ದರೆ ಸರಿಯಾದ ಲೆಕ್ಕಕ್ಕೆ ಸಿಗುವುದು 53 ಡಿಗ್ರಿ ಮಾತ್ರ. ಕಾರಿನ ಮುಂದಿನ ಗಾಜೂ ಪೂರ್ತಿ ಬರುವುದಿಲ್ಲ.

ಈಗ ಮೂರು ಮಾನಿಟರ್ ಇಟ್ಟು ಎರಡು ಪಕ್ಕದವನ್ನು ಕಣ್ಣಿನ ಕಡೆಗೆ ತಿರುಗಿಸಿದಿರಿ ಅನ್ನಿ. 60 ಸೆಂ.ಮೀ ದೂರದಲ್ಲಿ ಮೂರು 24ಕ್ಕೆ ಸುಮಾರು 143 ಡಿಗ್ರಿ, ಮೂರು 27ಕ್ಕೆ 159, ಮೂರು 32ಕ್ಕೆ 180ಕ್ಕೂ ಜಾಸ್ತಿ. ಇದೇ ದೂರ 80 ಸೆಂ.ಮೀ ಆದರೆ? 24ಕ್ಕೆ 110, 27ಕ್ಕೆ 123, 32ಕ್ಕೆ 143. ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. 80 ಸೆಂ.ಮೀ ದೂರದ 32 ಇಂಚು ಕೊಡುವ ನೋಟವನ್ನೇ 60 ಸೆಂ.ಮೀ ಹತ್ತಿರದ 24 ಇಂಚು ಕೊಡುತ್ತದೆ. ಮಧ್ಯೆ ಇರುವುದು ಒಂದು ಗೇಣಿಗಿಂತ ಕಡಿಮೆ ಅಂತರ. ಬೆಲೆಯಲ್ಲಿ ಮಾತ್ರ ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಇದು ನನಗೆ ಅನುಭವದಿಂದಲೇ ಗೊತ್ತಾದದ್ದು. ಮೊದಲು ನನ್ನ ಹತ್ತಿರ ಮೂರು 24 ಇದ್ದವು. ಸ್ಟೀರಿಂಗ್ ವೀಲ್ ಟೇಬಲ್‌ಗೆ ಕಚ್ಚಿಸಿದ್ದೆ, ಮಾನಿಟರ್‌ಗಳು ಅದರ ಹಿಂದೆ. ವೀಲಿನ ಹಿಂದಿನ, ಮೋಟಾರ್ ಇರುವ ಡಬ್ಬವೇ ಒಂದು ಗೇಣಿಗಿಂತ ಜಾಸ್ತಿ ಜಾಗ ತಿನ್ನುತ್ತದೆ. ಹಾಗಾಗಿ ಕಣ್ಣಿಂದ ಪರದೆಗೆ 80 ಸೆಂ.ಮೀ ಆಗುತ್ತಿತ್ತು. ನೋಟ ಸಾಲದು ಅನ್ನಿಸಿ 32ರ ಬೆಲೆ ವಿಚಾರಿಸಲು ಶುರು ಮಾಡಿದ್ದೆ. ಅಷ್ಟರಲ್ಲಿ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಕಡೆ ಒಬ್ಬರು ವೆಲ್ಡಿಂಗ್‌ನವರ ಹತ್ತಿರ ನೆಲದ ಮೇಲೆ ತಾನೇ ನಿಲ್ಲುವ ಒಂದು ಸ್ಟ್ಯಾಂಡ್ ಮಾಡಿಸಿದೆ. ಚೌಕದ ಪೈಪು, ಹಿಂದೆ ಮೂರು ಪ್ಲೇಟು, ಅಷ್ಟೇ. ಮಾನಿಟರ್‌ಗಳು ವೀಲಿನ ಡಬ್ಬದ ಮೇಲಕ್ಕೇ ಬಂದವು. ದೂರ 60ಕ್ಕೆ ಇಳಿಯಿತು. ಮಾನಿಟರ್ ಅವೇ, ಆದರೆ ಮೊದಲ ಸಲ ಪಕ್ಕದ ಕಾರಿನ ಬಾಗಿಲು ಕಣ್ಣಂಚಿಗೆ ಸಿಕ್ಕಿತು. ಆ ದಿನದ ಖುಷಿ ಇವತ್ತಿಗೂ ನೆನಪಿದೆ.

ಹಾಗಾಗಿ ಮಾನಿಟರ್‌ಗೆ ಇಟ್ಟ ದುಡ್ಡಲ್ಲಿ ಒಂದು ಪಾಲು ಸ್ಟ್ಯಾಂಡ್‌ಗೆ ತೆಗೆದಿಡಿ ಅಂತ ಎಲ್ಲರಿಗೂ ಹೇಳುತ್ತೇನೆ. ವೆಲ್ಡಿಂಗ್‌ನವರಿಗೆ ಎರಡು ಅಳತೆ ಬರೆದುಕೊಡಿ: ಮಾನಿಟರ್ ಹಿಂದೆ ಸ್ಟ್ಯಾಂಡಿಗೆ ಸ್ಕ್ರೂ ಹಾಕಲು ಇರುವ ವೇಸಾ ರಂಧ್ರಗಳ ಅಂತರ, ಅದು ಹೆಚ್ಚಾಗಿ 100 ಮಿ.ಮೀ ಅಥವಾ 75 ಮಿ.ಮೀ ಚೌಕ. ಇನ್ನೊಂದು, ಕೂತಾಗ ನೆಲದಿಂದ ಕಣ್ಣಿನ ಎತ್ತರ. ಪರದೆಯ ನಡುಭಾಗ ಆ ಎತ್ತರಕ್ಕೆ ಬರಬೇಕು.

24 ಇಂಚು

60 ಸೆಂ.ಮೀ ಅಥವಾ ಅದಕ್ಕಿಂತ ಹತ್ತಿರ ತರಲು ಆಗುವವರಿಗೆ 24 ನಿಜಕ್ಕೂ ಒಳ್ಳೆಯ ಆಯ್ಕೆ. ಇದು ಬಡವರ ಆಯ್ಕೆ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮೂರೂ ಸೇರಿ ಬೆಲೆ ಅಂದಾಜು 30 ಸಾವಿರದ ಆಸುಪಾಸು. ಇಡೀ ಜೋಡಣೆ ನಾಲ್ಕು ಅಡಿ ಚಿಲ್ಲರೆ ಅಗಲಕ್ಕೆ ಮುಗಿಯುತ್ತದೆ. 1080ಪಿ (1920 x 1080 ಚುಕ್ಕಿ, ಅಂದರೆ ಪಿಕ್ಸೆಲ್) ಮಾನಿಟರ್ ಮೂರು ಸೇರಿದರೆ 62 ಲಕ್ಷ ಪಿಕ್ಸೆಲ್, ಒಂದು 4ಕೆ ಪರದೆಯ 83 ಲಕ್ಷಕ್ಕಿಂತ ಕಡಿಮೆ. ಅಂದರೆ ಆರ್‌ಟಿಎಕ್ಸ್ 4060 ಮಟ್ಟದ ಕಾರ್ಡ್ ಇದ್ದರೂ ಸಾಕು, ಸೆಟ್ಟಿಂಗ್ ಸ್ವಲ್ಪ ಇಳಿಸಿಕೊಂಡರೆ ಆಟ ಸರಾಗವಾಗಿ ಓಡುತ್ತದೆ.

ಕೊರತೆಯೂ ಇದೆ. ಪರದೆಯ ಎತ್ತರ 30 ಸೆಂ.ಮೀ ಅಷ್ಟೇ. ಹತ್ತಿರ ತಂದಾಗ ಮೇಲೆ ಆಕಾಶ, ಕೆಳಗೆ ಡ್ಯಾಶ್‌ಬೋರ್ಡ್ ಎರಡೂ ಸ್ವಲ್ಪ ಕತ್ತರಿಸಿದಂತೆ ಅನ್ನಿಸುತ್ತದೆ. ಇನ್ನೊಂದು, ತಿರುವಿಗೆ ಇನ್ನೆಷ್ಟು ದೂರ ಅಂತ ತೋರಿಸುವ ಬ್ರೇಕಿಂಗ್ ಬೋರ್ಡಿನ ಸಂಖ್ಯೆ ದೂರದಿಂದ ಮಸುಕು. ಟೇಬಲ್‌ಗೇ ವೀಲ್ ಕಚ್ಚಿಸಿ 75-80 ಸೆಂ.ಮೀ ದೂರದಲ್ಲೇ ಇಡುವುದಾದರೆ 24 ಬೇಡ. ಮೂರು ಕೊಂಡೂ ಅರ್ಧ ಲಾಭ ಮಾತ್ರ.

27 ಇಂಚು

ನನ್ನ ಈಗಿನ ಸೆಟಪ್ ಇದು. 65 ಸೆಂ.ಮೀ ದೂರದಲ್ಲಿ ಹೆಚ್ಚುಕಡಿಮೆ 150 ಡಿಗ್ರಿ ಸಿಗುತ್ತದೆ. ಹಗಲು ನಡುವಿನ ಮಾನಿಟರ್‌ನಲ್ಲೇ ಆಫೀಸ್ ಕೆಲಸ ಮಾಡುತ್ತೇನೆ, ಅಕ್ಷರ ಚೆನ್ನಾಗಿ ಕಾಣುತ್ತದೆ. ಮನೆಯಿಂದ ಕೆಲಸ ಮಾಡುವವರು ಈ ಕಡೆ ಯೋಚಿಸಿ.

ಇಲ್ಲಿ ಕಷ್ಟದ ಪ್ರಶ್ನೆ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ ಅನ್ನುವುದು. 27ರಲ್ಲಿ 1080ಪಿ ಕೊಂಡರೆ ಅಗ್ಗ. ಆದರೆ 60 ಸೆಂ.ಮೀ ದೂರದಲ್ಲಿ ಪಿಕ್ಸೆಲ್ ಕಣ್ಣಿಗೆ ಹೊಡೆಯುತ್ತದೆ. 24ಕ್ಕಿಂತ ಒರಟು. 80 ಸೆಂ.ಮೀ ದೂರವಿದ್ದರೆ ಅಷ್ಟು ತೊಂದರೆಯಿಲ್ಲ. ಟೇಬಲ್ ಮೇಲೆ ವೀಲ್ ಇಟ್ಟವರಿಗೆ, ಕಾರ್ಡ್ ಹಳೆಯದಾದವರಿಗೆ 27 ಇಂಚಿನ 1080ಪಿ ಹೊಂದುತ್ತದೆ. ಹತ್ತಿರ ಕೂರುವವರಿಗೆ 1440ಪಿ (2560 x 1440 ಪಿಕ್ಸೆಲ್) ಬೇಕೇ ಬೇಕು. ಆಗ ಮೂರಕ್ಕೆ 55ರಿಂದ 65 ಸಾವಿರ ಆಗುತ್ತದೆ. ಪಿಕ್ಸೆಲ್ ಒಂದು ಕೋಟಿ ಹತ್ತು ಲಕ್ಷಕ್ಕೆ ಏರುತ್ತದೆ, ಮೂರು 24ರ ಹೆಚ್ಚುಕಡಿಮೆ ಎರಡು ಪಟ್ಟು. ಮಾನಿಟರ್ ಕೊಂಡ ಮೇಲೆ ಕಾರ್ಡೂ ಬದಲಿಸಬೇಕಾಯಿತು ಅಂತ ಬೇಸರ ಪಟ್ಟವರನ್ನು ನೋಡಿದ್ದೇನೆ. ಎರಡೂ ಖರ್ಚನ್ನು ಒಟ್ಟಿಗೆ ಲೆಕ್ಕ ಹಾಕಿ. 12 ಜಿಬಿ ಮೆಮೊರಿ ಇರುವ, ಆರ್‌ಟಿಎಕ್ಸ್ 4070 ಮಟ್ಟದ ಕಾರ್ಡ್ ಇದ್ದರೆ ನೆಮ್ಮದಿ.

32 ಇಂಚು

ಅಂಗಡಿಯಲ್ಲಿ ಒಂದು 32 ನೋಡಿದರೆ ಮನಸ್ಸು ಸೋಲುತ್ತದೆ, ಅದು ಸಹಜ. 40 ಸೆಂ.ಮೀ ಎತ್ತರದ ಪರದೆ ಎದುರಿಗಿದ್ದಾಗ ಕಾರಿನ ಗಾಜೇ ಎದುರಿಗಿದ್ದಂತೆ. 75 ಸೆಂ.ಮೀ ದೂರದಲ್ಲಿ ಮೂರು 32 ಸೇರಿ 150 ಡಿಗ್ರಿ ಆಗುತ್ತದೆ, ಸೊಗಸಾದ ನೋಟ. ದೂರ ಕಡಿಮೆ ಮಾಡಲು ಆಗದವರಿಗೆ, ಅಂದರೆ ಟೇಬಲ್ ಸೆಟಪ್‌ನವರಿಗೆ, ವಯಸ್ಸಾಗಿ ಹತ್ತಿರದ್ದು ನೋಡಲು ಕಷ್ಟಪಡುವವರಿಗೆ ಇದೇ ಸರಿ.

60 ಸೆಂ.ಮೀ ಹತ್ತಿರಕ್ಕೆ 32 ತಂದರೆ ಮಾತ್ರ ಲಾಭ ಕಡಿಮೆ. ಪಕ್ಕದ ಪರದೆಗಳ ಕೊನೆ ಭಾಗ ಭುಜದ ನೇರಕ್ಕೇ ಬಂದುಬಿಡುತ್ತದೆ. ಕತ್ತು ತಿರುಗಿಸಿದರೆ ಮಾತ್ರ ಅಲ್ಲಿ ಏನಿದೆ ಅಂತ ಕಾಣುವುದು. ಆ ಪಿಕ್ಸೆಲ್‌ಗಳಿಗೂ ಕಾರ್ಡ್ ದುಡಿಯುತ್ತಲೇ ಇರುತ್ತದೆ.

ಜಾಗವೂ ಬೇಕು. 75 ಸೆಂ.ಮೀ ಲೆಕ್ಕದಲ್ಲಿ ಜೋಡಿಸಿದರೆ ಅಗಲವೇ ಐದೂಕಾಲು ಅಡಿ. ಗೋಡೆಯಿಂದ ಸ್ಟ್ಯಾಂಡು, ದೂರ, ಸೀಟು ಎಲ್ಲ ಸೇರಿ ಉದ್ದಕ್ಕೆ ಆರು ಅಡಿ ಹತ್ತಿರ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಮೆತ್ತಿನ ಮೇಲಿನ ಕೋಣೆ ಎಂಟು ಅಡಿ ಅಗಲ ಇರುತ್ತದೆ, ಜೊತೆಗೆ ಇಳಿಜಾರು ಮಾಡು. ಪಕ್ಕದ 32ರ ಮೇಲಿನ ಅಂಚು ಮಾಡಿಗೆ ತಾಗುತ್ತದಾ ಅಂತ ಮೊದಲೇ ನೋಡಿ.

32ರಲ್ಲಿ 1440ಪಿ ಸರಿಯಾದ ಜೋಡಿ. ಅದರ ಪಿಕ್ಸೆಲ್ ದಟ್ಟಣೆ 24 ಇಂಚಿನ 1080ಪಿಗೆ ಸಮ, ದೂರ ಜಾಸ್ತಿ ಇರುವುದರಿಂದ ನೋಟ ಇನ್ನೂ ಚೊಕ್ಕ. 1080ಪಿ ಬೇಡವೇ ಬೇಡ. ಮೂರು 4ಕೆ ಅಂದರೆ ಎರಡೂವರೆ ಕೋಟಿ ಪಿಕ್ಸೆಲ್, ಅತಿ ದುಬಾರಿ ಕಾರ್ಡ್ ಇದ್ದವರಿಗೆ ಮಾತ್ರ. ಮೂರು 1440ಪಿಗೆ 70-80 ಸಾವಿರ ಇಟ್ಟುಕೊಳ್ಳಿ.

ಈ ಗಾತ್ರದಲ್ಲಿ ಬಾಗಿದ ಪರದೆಗಳು ಜಾಸ್ತಿ. 1500ಆರ್ ಅಂದರೆ ಒಂದೂವರೆ ಮೀಟರ್ ತ್ರಿಜ್ಯದ ಬಾಗು, 1000ಆರ್ ಅಂದರೆ ಒಂದು ಮೀಟರ್. ಸಂಖ್ಯೆ ಕಡಿಮೆಯಾದಷ್ಟೂ ಬಾಗು ಜಾಸ್ತಿ. ಮೂರು ಸೇರಿಸಿದಾಗ ಸುತ್ತಿಕೊಂಡಂತೆ ಚೆಂದ ಕಾಣುತ್ತದೆ. ಆದರೆ ಆಟಗಳು ಲೆಕ್ಕ ಹಾಕುವುದು ಚಪ್ಪಟೆ ಪರದೆಗೆ, ಹಾಗಾಗಿ ಅಂಚಲ್ಲಿ ಅಳತೆ ತುಸು ವ್ಯತ್ಯಾಸವಾಗುತ್ತದೆ. ಪರದೆಯ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಅಂತ ಬಗೆಗಳಿವೆ; ಬಾಗಿದವುಗಳಲ್ಲಿ ಹೆಚ್ಚಿನವು ವಿಎ. ಅಗ್ಗದ ವಿಎಯಲ್ಲಿ ಕತ್ತಲಿನ ಭಾಗ ಓಡುವಾಗ ಮಸಿ ಎಳೆದಂತೆ ಆಗುತ್ತದೆ. ಕಾಡಿನ ನೆರಳಿನ ರ್ಯಾಲಿ ಹಾದಿ ಇಷ್ಟಪಡುವವರು, ರಾತ್ರಿ ರೇಸ್ ಮಾಡುವವರು ಐಪಿಎಸ್ ಹುಡುಕಿ.

ಮೂರು ಬೇಡ, ಅಗಲವಾದ ಒಂದೇ ಪರದೆ ಸಾಕಾ?

ಕೆಲವರಿಗೆ ಸಾಕು. 34 ಇಂಚಿನ ಅಲ್ಟ್ರಾವೈಡ್ ಎತ್ತರದಲ್ಲಿ 27ಕ್ಕೆ ಸಮ, ಅಗಲ 80 ಸೆಂ.ಮೀ. 60 ಸೆಂ.ಮೀ ದೂರದಲ್ಲಿ 67 ಡಿಗ್ರಿ. 49 ಇಂಚಿನದು ಎರಡು 27 ಪಕ್ಕಪಕ್ಕ ಇಟ್ಟಷ್ಟು, 70 ಸೆಂ.ಮೀ ದೂರದಲ್ಲಿ 80ರಿಂದ 90 ಡಿಗ್ರಿ. ನಡುವೆ ಗೆರೆ ಇಲ್ಲ, ಒಂದೇ ಕೇಬಲ್, ಹೊಂದಿಸುವ ತಲೆನೋವಿಲ್ಲ. 32 ಇಂಚು ಮೀರಿದ ಮಾನಿಟರ್‌ಗಳ ಮೇಲೆ ಮೊದಲು ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಅದರಿಂದ ಇವು ಮೊದಲಿನಷ್ಟು ಭಾರವಲ್ಲ.

ಆದರೂ 49ರ ಬೆಲೆಗೆ ಮೂರು 27 ಬರುತ್ತವೆ, ಪಕ್ಕದ ಕಿಟಕಿ ಮಾತ್ರ 49ರಲ್ಲಿ ಬರುವುದಿಲ್ಲ. ಬೇರೆ ಕಾರುಗಳ ಜೊತೆ ಅಂಟಿಕೊಂಡು ಓಡುವ ರೇಸ್ ನಿಮ್ಮದಾದರೆ ಮೂರೇ ಬೇಕು. ರ್ಯಾಲಿ ಮಾತ್ರ ಓಡಿಸುವವರಿಗೆ 34 ಸಾಕು. ಅಲ್ಲಿ ಗಡಿಯಾರದ ಜೊತೆ ಮಾತ್ರ ಪೈಪೋಟಿ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ್ಯಾಲಿ ನೋಡಿ ಬೆಳೆದವರಿಗೆ ಇದನ್ನು ಹೇಳಬೇಕಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಆಡುವವರೂ ಮೊದಲು ಪೋರ್ಟ್ ಎಣಿಸಿ. ಬಹಳಷ್ಟರಲ್ಲಿ ಹೊರಗಿನ ಎರಡು ಮಾನಿಟರ್‌ಗೆ ಮಾತ್ರ ದಾರಿ ಇರುತ್ತದೆ. ಯುಎಸ್‌ಬಿಯಿಂದ ಮೂರನೆಯದು ತೆಗೆಯುವ ಅಡಾಪ್ಟರ್ ಆಫೀಸ್ ಕೆಲಸಕ್ಕೆ ಸರಿ, ರೇಸಿಂಗ್‌ಗೆ ಆಗುವುದಿಲ್ಲ.

ಮನೆಯಲ್ಲಿ ಈಗಾಗಲೇ ಒಂದಿದ್ದರೆ

"ಒಂದು 24 ಇದೆ, ನಡುವೆ 32 ಹಾಕಿ, ಇನ್ನೊಂದು 24 ತಂದರೆ ಆಗಲ್ವಾ?" ಮನಸ್ಸಿಗೆ ಬರುವ ಪ್ರಶ್ನೆಯೇ. ಮಾಡಬೇಡಿ. ಮೂರನ್ನೂ ಒಂದೇ ಪರದೆ ಮಾಡುವ ಎನ್‌ವಿಡಿಯಾ ಸರೌಂಡ್‌ಗೆ ಒಂದೇ ರೆಸಲ್ಯೂಷನ್, ಒಂದೇ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು) ಬೇಕು. ಗಾತ್ರ ಬೇರೆಯಾದರೆ ರಸ್ತೆಯ ಅಂಚು ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಇರುವ ಮಾಡೆಲ್ ಇನ್ನೂ ಅಂಗಡಿಯಲ್ಲಿ ಸಿಗುತ್ತಿದ್ದರೆ ಅದರದೇ ಇನ್ನೆರಡು ತನ್ನಿ. ಸಿಗದಿದ್ದರೆ ಹಳೆಯದನ್ನು ಮಾರಿ ಮೂರೂ ಹೊಸದು ಕೊಳ್ಳಿ.

ಮೂರನ್ನೂ ಒಟ್ಟಿಗೇ ಕೊಳ್ಳುವುದು ಯಾಕೆ ಮುಖ್ಯ ಅಂತ ನನಗೆ ಸಿಡಿಲು ಕಲಿಸಿತು. ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ಸಂಜೆ, ಗುಡುಗು ಶುರುವಾದಾಗ ನಾನು ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಬಲಗಡೆಯ 27 ಸತ್ತಿತ್ತು. ಆ ಮಾಡೆಲ್ ಅಷ್ಟರಲ್ಲಿ ಮಾರುಕಟ್ಟೆಯಿಂದ ಹೋಗಿತ್ತು. ಬೇರೆ ಮಾಡೆಲ್ ತಂದು ಹಾಕಿದೆ. ಬಣ್ಣ ಎಷ್ಟು ತಿದ್ದಿದರೂ ಹೊಂದಲಿಲ್ಲ. ಎಡಗಡೆ ಹಸಿರು ಹುಲ್ಲು, ಬಲಗಡೆ ಒಣಗಿದ ಹುಲ್ಲು. ಮೂರು ತಿಂಗಳು ಹಾಗೇ ಓಡಿಸಿ ನಿಜಕ್ಕೂ ನೊಂದಿದ್ದೇನೆ.

ಹಾಗಾಗಿ ಮಾರ್ಚ್‌ನಿಂದ ಮಳೆಗಾಲ ಹಿಡಿಯುವವರೆಗೆ ಆಟ ಮುಗಿದ ಮೇಲೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ ಕೇಬಲ್ಲೂ ಕೀಳಬೇಕು, ಅದರ ಮೂಲಕವೂ ಸಿಡಿಲು ಒಳಗೆ ಬರುತ್ತದೆ. ಯುಪಿಎಸ್ ವಿಷಯ: 600 ವಿಎ (ಇಲ್ಲಿ ವಿಎ ಅಂದರೆ ವೋಲ್ಟ್-ಆಂಪಿಯರ್) ಅಂತ ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಎಳೆಯುತ್ತದೆ. ಒಂದು 24ಕ್ಕೆ 20 ವ್ಯಾಟ್ ಆಸುಪಾಸು, 32ಕ್ಕೆ 40ರ ಆಸುಪಾಸು. ಇದರ ಮೇಲೆ ಕಾರ್ಡು, ಕಂಪ್ಯೂಟರು, ವೀಲು. 1100 ವಿಎಗಿಂತ ಕಡಿಮೆಯದನ್ನು ಮೂರು ಮಾನಿಟರ್ ಸೆಟಪ್‌ಗೆ ನಾನು ಹೇಳುವುದಿಲ್ಲ.

ಮಳೆಗಾಲದ ಶೀತಕ್ಕೆ ಗಾತ್ರದ ಭೇದವಿಲ್ಲ. ಆಗುಂಬೆ, ಹೊಸನಗರದ ಕಡೆಯವರು ವಾರಗಟ್ಟಲೆ ಮಾನಿಟರ್ ಮುಚ್ಚಿ ಇಡಬೇಡಿ. ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಹಾಕಿ, ಬಿಸಿ ಆಗಲಿ. ಮಾಡಿನಲ್ಲಿ ಗಾಜಿನ ಹೆಂಚು ಇದ್ದರೆ ಅದರ ಬೆಳಕು ಓರೆಯಾಗಿ ನಿಂತ ಪಕ್ಕದ ಪರದೆಗೆ ಬೀಳುತ್ತದೆ. ಪರದೆ ದೊಡ್ಡದಾದಷ್ಟೂ ಈ ತೊಂದರೆ ಜಾಸ್ತಿ.

ಕೊಳ್ಳುವ ಮೊದಲು

ಹಳೆ ಪೇಪರ್ ತೆಗೆದುಕೊಳ್ಳಿ. ನೀವು ಯೋಚಿಸುತ್ತಿರುವ ಗಾತ್ರಕ್ಕೆ ಮೂರು ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಿ: 24ಕ್ಕೆ 53 x 30, 27ಕ್ಕೆ 60 x 34, 32ಕ್ಕೆ 71 x 40 ಸೆಂ.ಮೀ. ಸೀಟಲ್ಲಿ ಕೂತು ಇಬ್ಬರ ಹತ್ತಿರ ಹಿಡಿಸಿ ನೋಡಿ. ತೀರ್ಥಹಳ್ಳಿಯ ಗೆಳೆಯನೊಬ್ಬ 32 ಅಂತ ಹಟ ಹಿಡಿದಿದ್ದ. ರಟ್ಟು ಹಿಡಿದ ಹತ್ತು ನಿಮಿಷಕ್ಕೆ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ ಅಂತ ಗೊತ್ತಾಯಿತು. 27 ತಗೊಂಡ, ಖುಷಿಯಾಗಿದ್ದಾನೆ.

ನನ್ನ ಹತ್ತಿರ 40 ಸಾವಿರ ಇದೆ, ಕಾರ್ಡ್ ಸಾಧಾರಣ ಅನ್ನುವವರಿಗೆ: ಮೂರು 24, ಉಳಿದದ್ದು ಸ್ಟ್ಯಾಂಡ್‌ಗೆ. ಒಂದು ಲಕ್ಷದವರೆಗೆ ಇದ್ದು, ಅದರಲ್ಲೇ ಕಾರ್ಡೂ ಬೇಕು, ಕೆಲಸವೂ ಅದರಲ್ಲೇ ಅನ್ನುವವರಿಗೆ: 27 ಇಂಚಿನ 1440ಪಿ. ಒಳ್ಳೆ ಕಾರ್ಡ್ ಈಗಾಗಲೇ ಇದೆ, ಕೋಣೆ ದೊಡ್ಡದು, 75 ಸೆಂ.ಮೀಗಿಂತ ಹತ್ತಿರ ತರಲು ಆಗುವುದಿಲ್ಲ ಅನ್ನುವವರಿಗೆ: 32. ಕೋಣೆಯನ್ನು ಮನೆಯವರ ಜೊತೆ ಹಂಚಿಕೊಳ್ಳುವವರಿಗೆ, ದಿನಾ ತೆಗೆದಿಡಬೇಕಾದವರಿಗೆ: 34ರ ಒಂದೇ ಪರದೆ, ಸುಮ್ನೆ ಮೂರರ ಆಸೆಗೆ ಬೀಳಬೇಡಿ.

ತಂದ ಮೇಲೆ ಪಕ್ಕದ ಮಾನಿಟರ್ ಎಷ್ಟು ತಿರುಗಿಸಬೇಕು ಅನ್ನುವುದಕ್ಕೂ ದೂರವೇ ಉತ್ತರ. 27 ಇಂಚು 60 ಸೆಂ.ಮೀ ದೂರದಲ್ಲಿದ್ದರೆ 53 ಡಿಗ್ರಿ, 70 ಸೆಂ.ಮೀ ದೂರದಲ್ಲಿದ್ದರೆ 46. ಮೂರರ ನಡುಬಿಂದುವೂ ಕಣ್ಣಿಂದ ಒಂದೇ ದೂರ ಇರಬೇಕು. ಒಂದು ದಾರ ಹಿಡಿದು ಅಳೆಯಿರಿ. ಐರೇಸಿಂಗ್, ಅಸೆಟ್ಟೊ ಕೊರ್ಸಾ, ಆರ್‌ಫ್ಯಾಕ್ಟರ್ 2, ಆಟೊಮೊಬಿಲಿಸ್ಟಾ 2 ಆಟಗಳಲ್ಲಿ ಮೂರು ಪರದೆಗೆ ಬೇರೆಯೇ ಸೆಟ್ಟಿಂಗ್ ಇದೆ. ಅಲ್ಲಿ ದೂರ, ಅಗಲ, ಅಂಚಿನ ದಪ್ಪ, ಕೋನ ಕೇಳಿದ ಕಡೆ ನೀವು ಅಳೆದದ್ದನ್ನೇ ತುಂಬಿ, ಅಂದಾಜು ಬೇಡ. ಆಮೇಲೆ ಟ್ರ್ಯಾಕಿನ ಪಕ್ಕದ ತಡೆಬೇಲಿ ಹತ್ತಿರ ಕಾರು ನಿಲ್ಲಿಸಿ ನೋಡಿ. ಬೇಲಿಯ ಗೆರೆ ನಡುವಿನ ಪರದೆಯಿಂದ ಪಕ್ಕದ್ದಕ್ಕೆ ಮುರಿಯದೆ ನೇರ ಹೋದರೆ ಅಳತೆ ಸರಿ ಇದೆ. ಮುರಿದರೆ ಮತ್ತೆ ದಾರ ತೆಗೆಯಿರಿ.